ಹುಲ್ಲು ಕತ್ತರಿಸುವ ಗಾಡಿ ಎಳೆಯುತ್ತಿಲ್ಲವೇ? ಹೈಡ್ರೋ ಗೇರ್‌ಬಾಕ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಎರಡು ಮಳೆ ಬಿದ್ದರೆ ಸಾಕು, ಹುಲ್ಲು ಮೊಣಕಾಲಿಗೆ ಬರುತ್ತದೆ, ನನ್ನ ಫೋನೂ ಶುರುವಾಗುತ್ತದೆ. ಕಾಲೇಜು ಮೈದಾನ, ಜಾಂಬೋಟಿ ರಸ್ತೆಯ ರೆಸಾರ್ಟು, ಕ್ಲಬ್ಬು, ಫಾರ್ಮ್‌ಹೌಸು, ಎಲ್ಲ ಕಡೆಯಿಂದ ಒಂದೇ ಮಾತು: ಕೂತು ಓಡಿಸುವ ಲಾನ್ ಮೋವರ್ ಎಳೆಯುತ್ತಿಲ್ಲ, ಗೇರ್‌ಬಾಕ್ಸ್ ಹೋಗಿದೆ, ಹೊಸದು ಎಷ್ಟು? ನಾನು ಹೇಳುವುದೂ ಒಂದೇ. ಗೇರ್‌ಬಾಕ್ಸ್‌ನ ಹೊರಗೆ ನೋಡುವಂಥದ್ದೆಲ್ಲ ನೋಡಿ ಮುಗಿಯುವವರೆಗೆ ಅದಕ್ಕೆ ಪಾನಾ ಹಚ್ಚಬೇಡಿ. ಫೋನಿನಲ್ಲಿ, ಪತ್ರದಲ್ಲಿ, ಅಂಗಡಿ ಕಟ್ಟೆಯ ಮೇಲೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ಇಷ್ಟು ಗೊತ್ತಿರಲಿ

ಹೈಡ್ರೋ ಅಂದ್ರೆ ಏನ್ರೀ? ನನ್ನ ಗಾಡಿಗೆ ಗೇರೇ ಇಲ್ಲವಲ್ಲ!

ಗೇರ್ ಬದಲಿಸುವ ಕೆಲಸವನ್ನು ಇಲ್ಲಿ ಆಯಿಲ್ ಮಾಡುತ್ತದೆ. ಇಂಜಿನ್ನಿನಿಂದ ಬರುವ ಬೆಲ್ಟು ಗೇರ್‌ಬಾಕ್ಸ್ ಮೇಲಿನ ಪುಲ್ಲಿಯನ್ನು ತಿರುಗಿಸುತ್ತದೆ. ಪುಲ್ಲಿಯ ಕೆಳಗೆ ಒಳಗಡೆ ಒಂದು ಪಂಪು. ಪಂಪಿನಲ್ಲಿ ಸಣ್ಣ ಸಣ್ಣ ಪಿಸ್ಟನ್‌ಗಳು ದುಂಡಗೆ ಕೂತಿರುತ್ತವೆ, ಸಿರಿಂಜ್‌ಗಳ ಒಂದು ಕಟ್ಟು ಅಂದುಕೊಳ್ಳಿ. ಅವುಗಳಿಗೆ ಒತ್ತಿಕೊಂಡು ಒಂದು ಓರೆ ತಟ್ಟೆ ಇರುತ್ತದೆ, ಅದಕ್ಕೆ ಸ್ವಾಶ್ ಪ್ಲೇಟ್ ಅಂತಾರೆ. ನೀವು ಪೆಡಲ್ ಒತ್ತಿದಾಗ ಈ ತಟ್ಟೆ ವಾಲುತ್ತದೆ. ಜಾಸ್ತಿ ವಾಲಿದಷ್ಟೂ ಪಿಸ್ಟನ್‌ಗಳು ಜಾಸ್ತಿ ಆಯಿಲ್ ತಳ್ಳುತ್ತವೆ. ಆ ಆಯಿಲ್ ಪಕ್ಕದ ಮೋಟರ್‌ಗೆ ಹೋಗಿ ಅದನ್ನು ತಿರುಗಿಸುತ್ತದೆ, ಅಲ್ಲಿಂದ ಗಾಲಿ. ತಟ್ಟೆ ಆ ಕಡೆ ವಾಲಿದರೆ ಗಾಡಿ ಮುಂದೆ, ಈ ಕಡೆ ವಾಲಿದರೆ ಹಿಂದೆ. ನೆಟ್ಟಗಿದ್ದರೆ ನ್ಯೂಟ್ರಲ್.

ಈ ಭಾಗಗಳ ನಡುವೆ ವಾಷರ್ರೂ ಇಲ್ಲ, ರಬ್ಬರೂ ಇಲ್ಲ. ಲೋಹದ ನುಣುಪು ಮೈಯ ಮೇಲೆ ಲೋಹ, ಮಧ್ಯೆ ತೆಳ್ಳಗಿನ ಆಯಿಲ್ ಪದರ, ಅಷ್ಟೇ. ಹೊಸದರಲ್ಲೂ ಒಂಚೂರು ಆಯಿಲ್ ಆ ಸಂದಿಯಿಂದ ಸೋರುತ್ತದೆ, ಅದು ಸಹಜ. ಮೈ ಸವೆದ ಹಾಗೆ ಸೋರುವುದು ಜಾಸ್ತಿಯಾಗುತ್ತದೆ, ಗಾಲಿಗೆ ಮುಟ್ಟುವುದು ಕಡಿಮೆಯಾಗುತ್ತದೆ.

ವೀಕ್ ಆಗಿರೋದು ಇಂಜಿನ್ನೋ ಗೇರ್‌ಬಾಕ್ಸೋ, ಬಿಚ್ಚದೇ ಹೇಗೆ ಗೊತ್ತಾಗ್ತದೆ?

ಕಿವಿಯಿಂದ. ಒಂದು ಸಣ್ಣ ಏರಿಗೆ ಗಾಡಿ ಹಚ್ಚಿ, ಬ್ಲೇಡ್ ಬಂದ್ ಇರಲಿ, ಥ್ರಾಟಲ್ ಪೂರ್ತಿ. ಗಾಡಿ ನಿಧಾನವಾಗುವಾಗ ಇಂಜಿನ್ ಸದ್ದೂ ಕುಗ್ಗಿದರೆ ತೊಂದರೆ ಇಂಜಿನ್ ಕಡೆ ಇದೆ. ಏರ್ ಫಿಲ್ಟರ್, ಕಾರ್ಬುರೇಟರ್, ಗವರ್ನರ್ ನೋಡಿ. ಇಂಜಿನ್ ಹಾಯಾಗಿ ಒಂದೇ ಸದ್ದಿನಲ್ಲಿ ಓಡುತ್ತಿದ್ದು ಗಾಡಿ ಮಾತ್ರ ನಿಂತರೆ ಬೆಲ್ಟಿನಿಂದ ಗಾಲಿಯವರೆಗೆ ಎಲ್ಲೋ ಶಕ್ತಿ ಸೋರುತ್ತಿದೆ.

ಈಗ ಎರಡನೇ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ನನಗೆ ಮಾತ್ರ ಇದರ ಮೇಲೆ ಬಹಳ ನಂಬಿಕೆ. ಅದೇ ಏರಿನಲ್ಲಿ ಪೆಡಲ್ ಅರ್ಧಕ್ಕೆ ಇಳಿಸಿ ನೋಡಿ. ಪೂರ್ತಿ ಒತ್ತಿದಾಗ ನಿಲ್ಲುತ್ತಿದ್ದ ಗಾಡಿ ಅರ್ಧ ಪೆಡಲಿನಲ್ಲಿ ನಿಧಾನಕ್ಕೆ ಏರಿಬಿಟ್ಟರೆ ಬೆಲ್ಟ್ ಜಾರುತ್ತಿರುವ ಸಾಧ್ಯತೆ ಹೆಚ್ಚು. ಯಾಕಂದ್ರೆ ಕಡಿಮೆ ಪೆಡಲಿನಲ್ಲಿ ಪಂಪು ತಿರುಗಿಸಲು ಬೆಲ್ಟಿನ ಮೇಲೆ ಬೀಳುವ ಭಾರ ಕಡಿಮೆ. ಇದಕ್ಕೆ ಉಲ್ಟಾ, ಅರ್ಧ ಪೆಡಲಿನಲ್ಲಿ ಅಲ್ಲಾಡುವುದೇ ಇಲ್ಲ, ಪೂರ್ತಿ ಒತ್ತಿದರೆ ಮಾತ್ರ ತೆವಳುತ್ತದೆ ಅಂದರೆ ಒಳಗೆ ಸೋರಿಕೆ. ಪಂಪು ತಳ್ಳಿದ ಸ್ವಲ್ಪ ಆಯಿಲ್ ಪೂರ್ತಿ ಸಂದಿಯಲ್ಲೇ ಹೋಗಿಬಿಡುತ್ತದೆ, ಮೋಟರ್‌ಗೆ ಏನೂ ಉಳಿಯುವುದಿಲ್ಲ. ಐದು ನಿಮಿಷದ ಕೆಲಸ, ಪಾನಾ ಬೇಡ.

ಅರ್ಧ ಥ್ರಾಟಲ್‌ನಲ್ಲಿ ಓಡಿಸಿದರೆ ಪೆಟ್ರೋಲ್ ಉಳಿಯುತ್ತೆ ಅಲ್ವಾ?

ಪೆಟ್ರೋಲ್ ಉಳಿಯಬಹುದು, ಗೇರ್‌ಬಾಕ್ಸ್ ಉಳಿಯಲ್ಲ. ಪಂಪೂ ಅದರ ತಲೆಯ ಮೇಲಿನ ಫ್ಯಾನೂ ಇಂಜಿನ್ ಸ್ಪೀಡಿಗೆ ತಕ್ಕಂತೆ ತಿರುಗುತ್ತವೆ. ಇಂಜಿನ್ ನಿಧಾನ ಮಾಡಿದರೆ ಆಯಿಲೂ ಕಡಿಮೆ, ಗಾಳಿಯೂ ಕಡಿಮೆ. ಥ್ರಾಟಲ್ ಪೂರ್ತಿ ಇಟ್ಟು ಸ್ಪೀಡನ್ನು ಪೆಡಲಿನಿಂದ ಹಿಡಿಯಿರಿ. ಗಾಡಿ ಮಾಡಿದವರು ಹಾಗೇ ಲೆಕ್ಕ ಹಾಕಿ ಮಾಡಿದ್ದಾರೆ.

## ದುಡ್ಡು ಖರ್ಚಿಲ್ಲದೆ ನೋಡುವಂಥವು

ನಿನ್ನೆ ಟೆಂಪೋದಿಂದ ಇಳಿಸಿದಾಗಿಂದ ಗಾಡಿ ಅಲ್ಲಾಡವಲ್ದು. ಇಂಜಿನ್ ಚಾಲೂನೇ ಐತಿ!

ಹಿಂದುಗಡೆ, ಗಾಲಿಗಳ ನಡುವೆ ಒಂದು ಸರಳು ಅಥವಾ ಸಣ್ಣ ಲಿವರ್ ಹೊರಗೆ ಬಂದಿದೆಯಾ ನೋಡಿ. ಅದು ಬೈಪಾಸ್. ಇಂಜಿನ್ ಬಂದ್ ಇದ್ದಾಗ ಗಾಡಿಯನ್ನು ಕೈಯಿಂದ ತಳ್ಳಲು ಅದನ್ನು ಎಳೆಯುತ್ತಾರೆ. ಎಳೆದರೆ ಪಂಪಿನ ಆಯಿಲ್ ಗಾಲಿಗೆ ಹೋಗದೆ ಸುಮ್ನೆ ಒಳಗೇ ಸುತ್ತುತ್ತದೆ. ಇಳಿಸಿದ ಹುಡುಗರು ಅದನ್ನು ವಾಪಸ್ ಹಾಕಿರುವುದಿಲ್ಲ. ಇನ್ನೂ ಮೋಸ ಮಾಡುವುದು ಅರ್ಧ ವಾಪಸ್ ಬಂದ ಲಿವರ್. ಹುಲ್ಲು, ಮಣ್ಣು ಸಿಕ್ಕಿಕೊಂಡು ಅದು ಪೂರ್ತಿ ಕೂರುವುದಿಲ್ಲ. ಆಗ ಗಾಡಿ ಹೋಗುತ್ತದೆ, ಆದರೆ ಜೀವ ಇಲ್ಲ. ಲಿವರ್ ತುದಿ ಮಾತ್ರ ನೋಡಿ ಎದ್ದು ಬರಬೇಡಿ, ಕೆಳಗೆ ಬಗ್ಗಿ ಗೇರ್‌ಬಾಕ್ಸ್ ಮೇಲಿನ ತೋಳು ನಿಜವಾಗಿ ತಿರುಗಿತಾ ಅಂತ ನೋಡಿ.

ಬೈಪಾಸ್ ಎಳೆದ ಗಾಡಿಗೆ ಹೈಡ್ರೋದ ತಡೆ ಇರುವುದಿಲ್ಲ. ಇಳಿಜಾರಿನಲ್ಲಿ ಎಳೆದರೆ ಅದು ನಿಮ್ಮನ್ನು ಕೇಳದೇ ಹೊರಟುಬಿಡುತ್ತದೆ. ಮೊದಲು ಗಾಲಿಗೆ ಕಲ್ಲು ಕೊಡಿ.

ಬೆಲ್ಟ್ ಚೆನ್ನಾಗೇ ಕಾಣ್ತದೆ, ಎಲ್ಲೂ ಹರಿದಿಲ್ಲ. ಆದರೂ ಬದಲಿಸಬೇಕಾ?

ಮೊದಲು ಯಾವ ಬೆಲ್ಟ್ ನೋಡಿದಿರಿ ಅಂತ ಹೇಳಿ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಬೆಲ್ಟ್ ಇರುತ್ತವೆ. ಒಂದು ಬ್ಲೇಡ್ ತಿರುಗಿಸಲು, ಅದು ಕಣ್ಣಿಗೆ ಬೀಳುತ್ತದೆ, ಎಲ್ಲರೂ ಅದನ್ನೇ ನೋಡುತ್ತಾರೆ. ಇನ್ನೊಂದು ಗೇರ್‌ಬಾಕ್ಸ್‌ದು. ಅದು ಮೇಲ್ಗಡೆ ಚಾಸಿಯ ಒಳಗೆ ಅಡಗಿರುತ್ತದೆ.

ಆ ಬೆಲ್ಟಿನ ಪಕ್ಕೆಗಳನ್ನು ಬೆರಳಿನಿಂದ ಮುಟ್ಟಿ. ಗಾಜಿನಂತೆ ಹೊಳಪು ಬಂದಿದ್ದರೆ ಅದು ಜಾರಿ ಜಾರಿ ಸುಟ್ಟ ಬೆಲ್ಟ್. ವಿ ಬೆಲ್ಟ್ ಹಿಡಿಯುವುದು ಪಕ್ಕೆಗಳಿಂದ, ತಳದಿಂದ ಅಲ್ಲ. ಪುಲ್ಲಿಯ ಒಳಗೆ ಬಗ್ಗಿ ನೋಡಿದಾಗ ತಳವೂ ಫಳಫಳ ಅಂತಿದ್ದರೆ ಬೆಲ್ಟ್ ಸವೆದು ತಳಕ್ಕೆ ಕೂತಿದೆ ಅಂತ ಅರ್ಥ. ಹರಿಯದಿದ್ದರೂ ಅದರ ಆಯಸ್ಸು ಮುಗಿದಿದೆ.

ಬೆಲ್ಟ್ ಸರಿ ಇದ್ದರೆ ಅದನ್ನು ಬಿಗಿ ಹಿಡಿಯುವ ಐಡ್ಲರ್ ಪುಲ್ಲಿ ನೋಡಿ. ಅದರ ತೋಳು ತುಕ್ಕು ಹಿಡಿದು ಜಾಮ್ ಆದರೆ ಸ್ಪ್ರಿಂಗ್ ಎಷ್ಟು ಎಳೆದರೂ ಬರುವುದಿಲ್ಲ. ಮಳೆಗಾಲ ಪೂರ್ತಿ ತಗಡಿನ ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಇದು ತೀರಾ ಮಾಮೂಲಿ. ತೋಳಿನ ಬೋಲ್ಟ್ ಬಿಚ್ಚಿ, ತಿಕ್ಕಿ, ಗ್ರೀಸ್ ಹಚ್ಚಿ ಹಾಕಿದರೆ ಮುಗೀತು.

ಬದಲಿಸುವಾಗ ಗಾಡಿಯ ಪಾರ್ಟ್ ನಂಬರ್ ಹಿಡಿದೇ ತರಿಸಿ. ಹಿಟ್ಟಿನ ಗಿರಣಿಗೆ ಹಾಕುವ ಬೆಲ್ಟ್ ಅಳತೆಗೆ ಹೊಂದಿತು ಅಂತ ಹಾಕಿದವರಿದ್ದಾರೆ. ಈ ಬೆಲ್ಟ್ ಒಂದು ಕಡೆ ಬೆನ್ನಿನ ಮೇಲೂ ಪುಲ್ಲಿ ಸುತ್ತುತ್ತದೆ, ಸಾದಾ ಬೆಲ್ಟ್ ಅಂಥ ಬಳಕೆಗೆ ಬಾಳುವುದಿಲ್ಲ.

ಪೆಡಲ್ ಪೂರ್ತಿ ಒತ್ತಿದರೂ ಸ್ಪೀಡೇ ಇಲ್ಲ, ಆದರೆ ಏರು ಹತ್ತುತ್ತದೆ

ಏರು ಹತ್ತುತ್ತದೆ ಅಂದಮೇಲೆ ಪಂಪು ಗಟ್ಟಿ ಇದೆ, ಖುಷಿಪಡಿ. ಪೆಡಲಿನಿಂದ ಗೇರ್‌ಬಾಕ್ಸ್‌ಗೆ ಹೋಗುವ ಸರಳು ಬಾಗಿರಬೇಕು, ಇಲ್ಲವೇ ಅದರ ಕೀಲು ಸವೆದಿರಬೇಕು. ಇಂಜಿನ್ ಬಂದ್ ಮಾಡಿ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಕೆಳಗೆ ಗೇರ್‌ಬಾಕ್ಸ್ ತೋಳು ನೋಡಲಿ. ಪೆಡಲ್ ತಳ ಮುಟ್ಟಿದರೂ ತೋಳು ಕೊನೆಯವರೆಗೆ ಹೋಗದಿದ್ದರೆ ಉತ್ತರ ಅಲ್ಲೇ ಇದೆ. ಪೆಡಲಿನ ಅಡಿ ಒಣಹುಲ್ಲು ತುಂಬಿ ಅದು ಕೆಳಗೇ ಹೋಗದಿರುವುದೂ ಉಂಟು.

ಜೊತೆಗೆ ಬ್ರೇಕ್. ಪಾರ್ಕಿಂಗ್ ಬ್ರೇಕ್ ಪೂರ್ತಿ ಬಿಡದೆ ತಿಕ್ಕುತ್ತಿದ್ದರೂ ಗಾಡಿ ಭಾರವಾಗುತ್ತದೆ. ಬೈಪಾಸ್ ಎಳೆದು ಸಮನೆಲದ ಮೇಲೆ ಕೈಯಿಂದ ತಳ್ಳಿ ನೋಡಿ. ಮೈಯೆಲ್ಲ ಬೆವರು ಬಂದರೆ ಬ್ರೇಕ್ ಹಿಡಿದಿದೆ.

ಮುಂಜಾನೆ ಹುಲಿ, ಹತ್ತು ಗಂಟೆ ಆತಂದ್ರ ಇಲಿ. ಯಾಕ್ರೀ ಹಿಂಗ?

ವಿಜಯಪುರದ ಒಬ್ಬ ಮಾಲಿ ಕಾಕಾ ಕೇಳಿದ ಪ್ರಶ್ನೆ. ಇದಕ್ಕಿಂತ ಚೆನ್ನಾಗಿ ಯಾವ ಮ್ಯಾನ್ಯುಯಲ್ಲೂ ಈ ರೋಗವನ್ನು ಹೇಳಿಲ್ಲ.

ಬಿಸಿಯಾದರೆ ಆಯಿಲ್ ತೆಳ್ಳಗಾಗುತ್ತದೆ. ತೆಳ್ಳಗಾದರೆ ಸಂದಿಯಿಂದ ಜಾಸ್ತಿ ಸೋರುತ್ತದೆ. ಸೋರಿದ ಆಯಿಲ್ ಕೆಲಸ ಮಾಡುವುದಿಲ್ಲ, ಅದರ ಶಕ್ತಿಯೆಲ್ಲ ಮತ್ತೆ ಶಾಖವಾಗುತ್ತದೆ. ಮತ್ತೆ ತೆಳ್ಳಗೆ, ಮತ್ತೆ ಸೋರಿಕೆ. ಹೀಗೆ ಸುತ್ತು ಹಾಕಿಕೊಂಡು ಅರ್ಧ ಮುಕ್ಕಾಲು ಗಂಟೆಯಲ್ಲಿ ಗಾಡಿ ಸುಸ್ತಾಗುತ್ತದೆ. ಮಧ್ಯಾಹ್ನ ಊಟ ಮುಗಿಸಿ ಬಂದರೆ ಮತ್ತೆ ಹುಲಿ. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಅಲ್ಲಿ ಈ ದೂರು ಬೆಳಗಾವಿಗಿಂತ ಬೇಗ ಬರುತ್ತದೆ.

ಇದನ್ನು ಕೇಳಿದ ತಕ್ಷಣ ಪಂಪು ಸವೆದಿದೆ ಅಂತ ತೀರ್ಪು ಕೊಡುವವರು ಬಹಳ. ನಿಲ್ಲಿ. ಮೊದಲು ತಂಪು ಮಾಡುವ ವ್ಯವಸ್ಥೆ ನೋಡಿ. ಸೀಟ್ ಎತ್ತಿ, ಹಿಂದಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ. ಗೇರ್‌ಬಾಕ್ಸ್‌ನ ಅಲ್ಯೂಮಿನಿಯಂ ಮೈಗೆ ಗಾಳಿ ತಾಗಲಿ ಅಂತ ಪಟ್ಟಿ ಪಟ್ಟಿ ಮಾಡಿರುತ್ತಾರೆ. ಆ ಪಟ್ಟಿಗಳ ನಡುವೆ ಹುಲ್ಲಿನ ಪುಡಿ, ಆಯಿಲ್ ಜಿಡ್ಡು, ಕೆಂಪು ಮಣ್ಣು ಸೇರಿ ರೊಟ್ಟಿ ಕಟ್ಟಿರುತ್ತದೆ, ಉಗುರಿನಿಂದ ಕೆದರಿದರೆ ಹೆಂಟೆ ಹೆಂಟೆಯಾಗಿ ಬರುತ್ತದೆ. ಮೇಲಿನ ಪ್ಲಾಸ್ಟಿಕ್ ಫ್ಯಾನಿನ ಎಲೆಗಳನ್ನು ಎಣಿಸಿ. ಕಡ್ಡಿ ಸಿಕ್ಕಿ ಎರಡು ಮೂರು ಎಲೆ ಮುರಿದಿರುವುದು ಸಾಮಾನ್ಯ, ಮೇಲಿನಿಂದ ಸುಮ್ನೆ ನೋಡಿದರೆ ಗೊತ್ತೂ ಆಗುವುದಿಲ್ಲ. ಬ್ರಶ್ ಮತ್ತು ಗಾಳಿಯಿಂದ ಸ್ವಚ್ಛ ಮಾಡಿ, ಫ್ಯಾನ್ ಮುರಿದಿದ್ದರೆ ಹೊಸದು ಹಾಕಿ, ಆಯಿಲ್ ಮಟ್ಟ ನೋಡಿ. ಆಮೇಲೂ ಹತ್ತು ಗಂಟೆಗೆ ಇಲಿಯೇ ಆದರೆ ಆಗ ಪಂಪಿನ ಮಾತು.

## ಆಯಿಲ್ ಪುರಾಣ

ಯಾವ ಆಯಿಲ್ ಹಾಕಬೇಕು? ಟ್ರ್ಯಾಕ್ಟರ್‌ದು ಮನೇಲೇ ಇದೆ

ಗೇರ್‌ಬಾಕ್ಸ್ ಮೇಲಿನ ಚೀಟಿಯಲ್ಲಿ ಕಂಪನಿ ಮತ್ತು ಮಾಡೆಲ್ ಇರುತ್ತದೆ. ಗಾಡಿಯ ಬ್ರ್ಯಾಂಡ್ ಬೇರೆ, ಗೇರ್‌ಬಾಕ್ಸ್ ಮಾಡಿದವರು ಬೇರೆ ಇರುತ್ತಾರೆ, ಆಯಿಲ್ ಗೇರ್‌ಬಾಕ್ಸ್ ಮಾಡಿದವರು ಹೇಳಿದ್ದೇ ಆಗಬೇಕು. ಹೈಡ್ರೋ-ಗಿಯರ್ ಕಂಪನಿಯ ಹಲವು ಯೂನಿಟ್‌ಗಳಿಗೆ 20ಡಬ್ಲ್ಯು-50 ಇಂಜಿನ್ ಆಯಿಲ್ ಹೇಳಿದ್ದಾರೆ. ಟಫ್ ಟಾರ್ಕ್‌ನ ಹಲವಕ್ಕೆ 5ಡಬ್ಲ್ಯು-50 ಸಿಂಥೆಟಿಕ್. ಹೌದು, ಇಂಜಿನ್ ಆಯಿಲೇ, ಬೆಚ್ಚಿಬೀಳಬೇಡಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಕೆಲವು ದೊಡ್ಡ ಯಂತ್ರಗಳ ಹೈಡ್ರೋಗೆ ಸರಿ, ಲಾನ್ ಮೋವರ್‌ಗೆ ಚೀಟಿಯಲ್ಲಿ ಇಲ್ಲದಿದ್ದರೆ ಬೇಡ.

ದಪ್ಪ ಇದ್ದಷ್ಟೂ ಒಳ್ಳೇದು ಅಂತ 90 ನಂಬರ್ ಗೇರ್ ಆಯಿಲ್ ಸುರಿಯುವುದಂತೂ ಬೇಡವೇ ಬೇಡ. ಪಂಪು ತಣ್ಣಗಿರುವಾಗ ಅದನ್ನು ಎಳೆದುಕೊಳ್ಳಲು ಒದ್ದಾಡುತ್ತದೆ.

ಸೀಲ್ಡ್ ಇದೆ, ಮೆಂಟೆನನ್ಸ್ ಬೇಡ ಅಂತ ಡೀಲರ್ ಹೇಳಿದ್ರು. ಆಯಿಲ್ ಬದಲಿಸೋದೇ ಬೇಡವಾ?

ಸಣ್ಣ ಗಾಡಿಗಳ ಗೇರ್‌ಬಾಕ್ಸ್‌ಗೆ ಕೆಳಗೆ ಡ್ರೇನ್ ಬೋಲ್ಟೇ ಇರುವುದಿಲ್ಲ. ಟಫ್ ಟಾರ್ಕ್ ಕೆ46 ಹಾಗಿದೆ. ಪೂರ್ತಿ ಖಾಲಿ ಮಾಡಬೇಕಾದರೆ ಗಾಡಿಯಿಂದ ಇಳಿಸಿ, ಬೋರಲು ಹಾಕಿ, ತುಂಬುವ ಬಾಯಿಯಿಂದಲೇ ಸುರಿಯಬೇಕು. ವಾರಕ್ಕೊಮ್ಮೆ ಮನೆ ಮುಂದಿನ ಹುಲ್ಲು ಕತ್ತರಿಸುವವರು ಅದರ ಗೊಡವೆಗೆ ಹೋಗದಿದ್ದರೂ ನಡೆದೀತು. ದಿನಾ ಮೂರು ನಾಲ್ಕು ಗಂಟೆ ಓಡಿಸುವ ರೆಸಾರ್ಟಿನವರಿಗೆ ಆ ಮಾತು ಅನ್ವಯಿಸಲ್ಲ ಅಂತ ನನ್ನ ಅಭಿಪ್ರಾಯ. ಶಕ್ತಿ ಕುಗ್ಗುವ ಮೊದಲೇ ಒಮ್ಮೆ ಬದಲಿಸಿ.

ಝೀರೋ ಟರ್ನ್ ಅಂದರೆ ಎಡ ಬಲ ಗಾಲಿಗೆ ಬೇರೆ ಬೇರೆ ಪಂಪು ಇದ್ದು ನಿಂತಲ್ಲೇ ತಿರುಗುವ ಗಾಡಿ, ಅದರಲ್ಲಿ ಫಿಲ್ಟರ್ ಇರುವಂಥವುಗಳದು ಸುಲಭ. ಮೊದಲ ಸಲ 75ರಿಂದ 100 ಗಂಟೆಗೆ, ಆಮೇಲೆ ಸುಮಾರು 400 ಗಂಟೆಗೊಮ್ಮೆ ಅಂತ ಹಲವು ಮಾಡೆಲ್‌ಗಳಲ್ಲಿ ಬರೆದಿರುತ್ತದೆ. ನಮ್ಮ ಬಿಸಿಲು, ಧೂಳಿಗೆ ನಾನು ಅದಕ್ಕಿಂತ ಬೇಗ ಮಾಡಿಸಿ ಅಂತೀನಿ.

ಆಯಿಲ್ ಹಾಕಿದ ಮೇಲೆ ಗಾಡಿ ಕುಂಟ್ತಾ ಇದೆ, ಕೊಂಯ್ ಅಂತ ಸದ್ದು ಬೇರೆ

ಒಳಗೆ ಗಾಳಿ ಉಳಿದಿದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಅದಕ್ಕೇ ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ.

ಗಾಳಿ ತೆಗೆಯಲು ಹಿಂದಿನ ಎರಡೂ ಗಾಲಿ ನೆಲ ಬಿಡುವಂತೆ ಜಾಕ್ ಕೊಟ್ಟು, ಜಾಕ್ ಮೇಲೇ ಬಿಡದೆ ಗಟ್ಟಿ ಸ್ಟ್ಯಾಂಡ್ ಇಡಿ. ಮುಂದಿನ ಗಾಲಿಗೆ ಕಲ್ಲು. ಬ್ಲೇಡ್ ಬಂದ್. ಬೈಪಾಸ್ ಎಳೆದು ಇಂಜಿನ್ ಚಾಲೂ ಮಾಡಿ, ಪೆಡಲನ್ನು ನಿಧಾನಕ್ಕೆ ಮುಂದೆ, ಹಿಂದೆ, ಐದಾರು ಸಲ. ಇಂಜಿನ್ ಬಂದ್ ಮಾಡಿ ಬೈಪಾಸ್ ವಾಪಸ್ ಹಾಕಿ, ಮತ್ತೆ ಚಾಲೂ ಮಾಡಿ ಅದನ್ನೇ ಮತ್ತೆ ಐದಾರು ಸಲ. ಆಮೇಲೆ ಆಯಿಲ್ ಮಟ್ಟ ನೋಡಿ, ಗಾಳಿ ಹೋದ ಜಾಗಕ್ಕೆ ಆಯಿಲ್ ಇಳಿದಿರುತ್ತದೆ. ಸದ್ದು ನಿಲ್ಲುವವರೆಗೆ ಇದೇ ಕೆಲಸ. ಅವಸರ ಮಾಡಿ ಪೆಡಲ್ ಧಡಧಡ ಆಡಿಸಿದರೆ ಗಾಳಿ ಆಯಿಲಿನಲ್ಲೇ ನೊರೆಯಾಗಿ ಕೂರುತ್ತದೆ. ಸೀಟಿನ ಸ್ವಿಚ್‌ನಿಂದ ಇಂಜಿನ್ ನಿಂತುಹೋಗುತ್ತದೆ ಅಂತ ಅದಕ್ಕೆ ವೈರ್ ಕಟ್ಟಿ ಮರೆತುಬಿಡುವವರಿದ್ದಾರೆ. ಆ ಸ್ವಿಚ್ ಇರುವುದು ನೀವು ಬಿದ್ದಾಗ ಬ್ಲೇಡ್ ನಿಲ್ಲಲಿ ಅಂತ.

ಆಯಿಲ್ ಹಾಲು ಬೆರಸಿದ ಚಾದ ಹಂಗ ಆಗೇದ

ನೀರು ಸೇರಿದೆ. ಪ್ರೆಶರ್ ವಾಶ್ ಹೊಡೆಸಿದಿರಾ? ಗೇರ್‌ಬಾಕ್ಸ್ ಮೇಲಿನ ಉಸಿರಾಡುವ ಮುಚ್ಚಳಕ್ಕೆ ನೇರ ನೀರು ಬಿದ್ದರೆ ಒಳಗೆ ಹೋಗುತ್ತದೆ. ಓಡಿಸಬೇಡಿ, ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಒಂದು ಸಲಕ್ಕೆ ಬಣ್ಣ ಸರಿ ಹೋಗದಿದ್ದರೆ ಎರಡನೇ ಸಲ.

## ಸ್ವಲ್ಪ ಆಳಕ್ಕೆ ಇಳಿದರೆ

ಝೀರೋ ಟರ್ನ್ ಗಾಡಿ, ಬಲಗಡೆ ಮಾತ್ರ ವೀಕ್. ನೆಟ್ಟಗೆ ಹೋಗೋದೇ ಇಲ್ಲ

ಒಂದು ಬಗೆಯಲ್ಲಿ ಇದು ಸುಲಭದ ಕೇಸು. ಸಾಮಾನ್ಯವಾಗಿ ಎರಡೂ ಕಡೆಯ ಪಂಪುಗಳನ್ನು ಓಡಿಸುವುದು ಒಂದೇ ಬೆಲ್ಟ್, ಎಡಗಡೆ ಗಟ್ಟಿ ಇದ್ದರೆ ಬೆಲ್ಟ್ ಬಹುತೇಕ ನಿರಪರಾಧಿ. ಮೊದಲು ಗಾಲಿಯ ಗಾಳಿ ಅಳೆಯಿರಿ, ಒಂದರಲ್ಲಿ ಕಡಿಮೆ ಇದ್ದರೂ ಗಾಡಿ ಆ ಕಡೆ ಎಳೆಯುತ್ತದೆ. ಆಮೇಲೆ ಬಲಗಡೆಯ ಬೈಪಾಸ್, ಬಲಗಡೆಯ ಸರಳು, ಬಲಗಡೆಯ ಬ್ರೇಕ್. ಪುಲ್ಲಿ ತಿರುಗುತ್ತಿದ್ದೂ ಪಂಪಿನ ಶಾಫ್ಟ್ ತಿರುಗುತ್ತಿಲ್ಲ ಅಂದರೆ ಪುಲ್ಲಿಯ ಒಳಹಲ್ಲು ಸವೆದಿವೆ. ಗಾಲಿಯ ಹಬ್‌ನಲ್ಲಿ ಕೀಲಿ ಇರುವ ಮಾಡೆಲ್ ಆದರೆ ಅದು ಕತ್ತರಿಸಿಹೋಗಿ ಶಾಫ್ಟ್ ಒಳಗೇ ಸುತ್ತುತ್ತಿರಬಹುದು.

ಜಾಕ್ ಮೇಲೆ ಎತ್ತಿ, ಎರಡೂ ಗಾಲಿ ಸಮ ತಿರುಗುತ್ತವೆ, ಹಾಗಾದರೆ ಪಂಪು ಸರಿ ಇದೆ ಅನ್ನಬೇಡಿ. ಭಾರ ಇಲ್ಲದಾಗ ಸತ್ತ ಪಂಪೂ ಗಾಲಿ ತಿರುಗಿಸುತ್ತದೆ.

ಹಿಂದಕ್ಕೆ ಏರು ಹತ್ತುತ್ತದೆ, ಮುಂದಕ್ಕೆ ಹತ್ತಲ್ಲ. ಇದೆಂಥಾ ವಿಚಿತ್ರ?

ಹೋಲಿಸುವುದು ಸರಿಯಾಗಿರಲಿ. ರಿವರ್ಸ್‌ನಲ್ಲಿ ಓರೆ ತಟ್ಟೆ ಕಡಿಮೆ ವಾಲುವಂತೆ ಹಲವು ಗಾಡಿಗಳಲ್ಲಿ ಮಿತಿ ಹಾಕಿರುತ್ತಾರೆ. ಹಾಗಾಗಿ ಅಲ್ಲಿ ಬೆಲ್ಟಿನ ಮೇಲೆ ಭಾರ ಕಡಿಮೆ. ಮುಂದಕ್ಕೂ ಅದೇ ನಿಧಾನ ಸ್ಪೀಡಿನಲ್ಲಿ ಹತ್ತಿಸಿ. ಹತ್ತಿದರೆ ವಾಪಸ್ ಬೆಲ್ಟಿಗೆ ಹೋಗಿ.

ಅಷ್ಟು ನಿಧಾನಕ್ಕೂ ಮುಂದೆ ಹತ್ತದಿದ್ದರೆ ಒಳಗಿನ ಚೆಕ್ ವಾಲ್ವ್ ಮೇಲೆ ಅನುಮಾನ, ಅಂದರೆ ಆಯಿಲನ್ನು ಒಂದೇ ಕಡೆ ಬಿಡುವ, ಒಳಗೆ ಗುಂಡು ಕೂತಿರುವ ವಾಲ್ವ್. ಇಂಥವು ಎರಡು ಇರುತ್ತವೆ, ಮುಂದಿನ ದಾರಿಗೆ ಒಂದು, ಹಿಂದಿನದಕ್ಕೆ ಒಂದು. ಗುಂಡಿನ ಅಡಿ ಒಂದು ಚೂರು ಕಸ ಸಿಕ್ಕರೂ ವಾಲ್ವ್ ಮುಚ್ಚುವುದಿಲ್ಲ, ಆ ದಿಕ್ಕಿನ ಒತ್ತಡ ಪೂರ್ತಿ ಅಲ್ಲೇ ಹೋಗುತ್ತದೆ. ಬೈಪಾಸ್ ಸೋರಿದರೆ ಎರಡೂ ದಿಕ್ಕು ವೀಕ್ ಆಗುತ್ತದೆ, ಒಂದೇ ದಿಕ್ಕು ಆಗಲ್ಲ.

ಮೈದಾನಕ್ಕೆ ನೀರಿನ ಟ್ಯಾಂಕ್, ರೋಲರ್ ಇದರಿಂದಲೇ ಎಳೆಸಿದರೆ ನಡೀತದಾ?

500 ಲೀಟರ್ ನೀರು ಅಂದರೆ ನೀರೇ 500 ಕಿಲೋ, ಟ್ರಾಲಿ ಬೇರೆ. ಕೊಕ್ಕೆ ಇದೆ ಅಂತ ಎಳೆಯುವುದಲ್ಲ. ಸಣ್ಣ ಗಾಡಿಗಳ ಹೈಡ್ರೋ ಮಾಡಿರುವುದು ಹುಲ್ಲು ಕತ್ತರಿಸುತ್ತಾ ಸಮನೆಲದಲ್ಲಿ ಓಡಾಡಲು. ಕ್ರಿಕೆಟ್ ಪಿಚ್ ರೋಲರ್ ಎಳೆಸಿ ಒಂದೇ ಸೀಸನ್‌ನಲ್ಲಿ ಪಂಪು ಸುಟ್ಟ ಗಾಡಿ ನನ್ನ ಶೆಡ್ಡಿನಲ್ಲಿ ಈಗಲೂ ಬಿದ್ದಿದೆ, ನೋಡಬೇಕಾದರೆ ಬನ್ನಿ.

ಬಿಚ್ಚಿ ರಿಪೇರಿ ಮಾಡಿಸಬೇಕಾ, ಹೊಸ ಯೂನಿಟ್ಟಾ? ಉದ್ಯಮಬಾಗದಲ್ಲಿ ಆಗಲ್ವಾ?

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಕೆಲಸ ಬಲ್ಲವರಿಗೆ ಬರವಿಲ್ಲ, ಪಂಪು, ವಾಲ್ವ್ ಮಾಡುವ ಕಾರ್ಖಾನೆಗಳೇ ಇರುವ ಊರು ನಮ್ಮದು. ಪಂಪಿನಲ್ಲಿ ಪಿಸ್ಟನ್‌ಗಳು ಕೂರುವ ಸಿಲಿಂಡರ್ ಬ್ಲಾಕಿನ ಮುಖದಲ್ಲಿ ಸಣ್ಣ ಗೀರು ಇದ್ದರೆ ಲ್ಯಾಪಿಂಗ್ ಮಾಡಿ, ಅಂದರೆ ನುಣ್ಣಗೆ ಉಜ್ಜಿ, ಮಟ್ಟ ಮಾಡಬಹುದು. ಉಗುರು ಆಡಿಸಿ ನೋಡಿ. ಗೀರು ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ ಆಸೆ ಇದೆ. ಉಗುರು ತಡೆದರೆ ಆ ಭಾಗ ಹೊಸದೇ ಬೇಕು.

ತಳದ ಮ್ಯಾಗ್ನೆಟ್‌ಗೆ ಅಂಟಿದ್ದನ್ನೂ ನೋಡಿ. ನುಣ್ಣಗಿನ ಕಪ್ಪು ಹಿಟ್ಟು ಇದ್ದರೆ ಸಹಜ ಸವೆತ. ಹೊಳೆಯುವ ಚೂರು, ಚಕ್ಕೆ ಇದ್ದರೆ ಗೇರೋ ಬೇರಿಂಗೋ ಒಡೆದಿದೆ, ಚೂರು ಎಲ್ಲ ಕಡೆ ಹೋಗಿರುತ್ತದೆ. ಅಂಥದ್ದಕ್ಕೆ ದುಡ್ಡು ಸುರಿಯಬೇಡಿ. ರಿಪೇರಿ ಲೆಕ್ಕ ಹೊಸ ಯೂನಿಟ್ಟಿನ ಅರ್ಧ ದಾಟಿದರೆ ಹೊಸದೇ ಹಾಕಿಸಿ ಅನ್ನುವುದು ನನ್ನ ಲೆಕ್ಕ. ಬಿಡಿಭಾಗ ಹೊರದೇಶದಿಂದ ಬರಬೇಕಾದರೆ ಕಾಯುವ ದಿನಗಳನ್ನೂ ಸೇರಿಸಿಕೊಳ್ಳಿ, ಹುಲ್ಲು ನಿಮಗಾಗಿ ಕಾಯಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ತಗೋತಾ ಇದೀನಿ ಅಣ್ಣಾ, ಏನು ನೋಡಲಿ?

ತಣ್ಣನೆಯ ಗಾಡಿ ಓಡಿಸಿ ನೋಡಿ ಮೋಸ ಹೋಗಬೇಡಿ. ಮಾರುವವರು ಮುಂಜಾನೆ ಏಳಕ್ಕೇ ಬಾ ಅಂದರೆ ನೀವು ಮಧ್ಯಾಹ್ನ ಬರುತ್ತೇನೆ ಅನ್ನಿ. ಬ್ಲೇಡ್ ಹಾಕಿ ನಿಜವಾಗಿ ಹುಲ್ಲು ಕತ್ತರಿಸುತ್ತಾ ಮುಕ್ಕಾಲು ಗಂಟೆ ಓಡಿಸಿ, ಒಂದು ತಂಬಿಗೆ ನೀರು ಕುಡಿಯುವಷ್ಟು ಹೊತ್ತೂ ಇಂಜಿನ್ ಬಂದ್ ಮಾಡಬೇಡಿ. ಆಮೇಲೆ ಸಿಕ್ಕ ಏರಿಗೆ ಅರ್ಧ ಪೆಡಲಿನಲ್ಲಿ ಹತ್ತಿಸಿ. ಹತ್ತಿದರೆ ರೇಟ್ ಮಾತಾಡಿ. ಹತ್ತದಿದ್ದರೆ ಹೊಸ ಗೇರ್‌ಬಾಕ್ಸ್‌ನ ದುಡ್ಡು ಕಳೆದು ಮಾತಾಡಿ, ಒಪ್ಪದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ.